ಮಾಡಿದವರು, ಮಾಡಿಸಿದವರು, ಒಪ್ಪಿದವರು

ಫ್ರಾನ್ಸಿನ ಆಂದ್ರೆ ಬಾಂಬೆರ್ಸ್ಕಿಯವರು 2010ರಲ್ಲಿ ಪ್ರಕಟಿಸಿದ ಕೃತಿಯ ಹೆಸರನ್ನು ಕನ್ನಡದಲ್ಲಿ ‘ನಿನಗೆ ನ್ಯಾಯ ದೊರೆಯಲೆಂದು’ ಎನ್ನಬಹುದು. ‘ನಿನಗೆ’ ಎಂದರೆ ಅವರ ಮಗಳು ಕಲಿಂಕಾಳಿಗೆ. 1982ರ ಜುಲೈ 10ರಂದು ಜರ್ಮನಿಯ ಲಿಂಡೌ ಊರಿನಲ್ಲಿ, ಮಲತಂದೆಯ ಮನೆಯಲ್ಲಿ, 14 ವರ್ಷದ ಆ ಬಾಲಕಿ ಹಾಸಿಗೆಯಲ್ಲಿಯೇ ಸತ್ತಿರುವುದು ಕಂಡುಬಂತು. ಮಲತಂದೆ ಡೀಟರ್ ಕ್ರೊಂಬಾಖ್ ವೃತ್ತಿಯಿಂದ ವೈದ್ಯ. ಹಿಂದಿನ ಸಂಜೆ ತಾನೇ ಆಕೆಗೆ ಕಬ್ಬಿಣಾಂಶದ ಚುಚ್ಚುಮದ್ದು ಕೊಟ್ಟುದಾಗಿ ಆತ ಹೇಳಿದ. ಜರ್ಮನಿಯ ಅಧಿಕಾರಿಗಳು ಮೊಕದ್ದಮೆ ಹೂಡದೆ ಕಡತವನ್ನು ಮುಚ್ಚಿದರು. ಲೆಕ್ಕಪತ್ರಗಳ ವೃತ್ತಿಯಲ್ಲಿದ್ದ ತಂದೆಗೆ ಈ ಲೆಕ್ಕ ಸರಿಹೊಂದಲಿಲ್ಲ. ಅಂದು ಆರಂಭವಾದ ಅವರ ಹೋರಾಟದ ವೃತ್ತಾಂತವೇ ಈ ಗ್ರಂಥದ ವಸ್ತು.

ಹೋರಾಟದ ಬಹುಭಾಗ ಕಾನೂನಿನ ಮಾರ್ಗದಲ್ಲಿಯೇ ನಡೆಯಿತು. 1995ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವು ಗೈರುಹಾಜರಾಗಿದ್ದ ಕ್ರೊಂಬಾಖನಿಗೆ 15 ವರ್ಷಗಳ ಸೆರೆವಾಸ ವಿಧಿಸಿತು. ಜರ್ಮನಿ ಆತನನ್ನು ಒಪ್ಪಿಸಲಿಲ್ಲ. 1997ರಲ್ಲಿ, ತನ್ನ ಚಿಕಿತ್ಸಾಲಯಕ್ಕೆ ಬಂದ 16 ವರ್ಷದ ಬಾಲಕಿಗೆ ಮಂಪರು ಬರಿಸಿ ಅತ್ಯಾಚಾರವೆಸಗಿದ ಪ್ರಕರಣದಲ್ಲಿ ಜರ್ಮನಿಯ ನ್ಯಾಯಾಲಯವೇ ಆತನನ್ನು ತಪ್ಪಿತಸ್ಥನೆಂದಿತು. ಆದರೆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಇತ್ತ 2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಪ್ಯಾರಿಸ್ಸಿನ ವಿಚಾರಣೆಯಲ್ಲಿ ಕ್ರೊಂಬಾಖನ ವಕೀಲರಿಗೆ ವಾದಿಸಲು ಅವಕಾಶವೀಯದಿದ್ದುದು ತಪ್ಪೆಂದು ತೀರ್ಪಿತ್ತಿತು. ನೊಂದ ತಂದೆಗೆ ಇದು ಕಹಿಯಾಗಿದ್ದಿರಬೇಕು. ಆದರೂ ಎದುರಾಳಿಯ ಮಾತನ್ನು ಕೇಳದೆ ಕೊಟ್ಟ ತೀರ್ಪು ಅಪೂರ್ಣವೆಂಬುದು ಸತ್ಯವೇ ಸರಿ.

2009ರ ಅಕ್ಟೋಬರಿನಲ್ಲಿ ಕಥನವು ಬೇರೊಂದು ದಾರಿ ಹಿಡಿಯುತ್ತದೆ. ಜರ್ಮನಿಯ ತನ್ನ ಮನೆಯ ಬಳಿಯಿಂದ ಅಪಹೃತನಾದ ಕ್ರೊಂಬಾಖ್, ಫ್ರಾನ್ಸಿನ ಮ್ಯುಲೂಜ್ ನಗರದಲ್ಲಿ ಕೈಕಾಲು ಕಟ್ಟಿದ ಸ್ಥಿತಿಯಲ್ಲಿ, ಗಾಯಗೊಂಡು, ಪೊಲೀಸರಿಗೆ ದೊರೆತ. ಅಪಹರಣಕ್ಕೆ ತಾವು ಆಜ್ಞೆಯಿತ್ತಿಲ್ಲ, ತಾನಾಗಿ ಬಂದ ಪ್ರಸ್ತಾಪಕ್ಕೆ ಒಪ್ಪಿದೆವು ಅಷ್ಟೆ ಎಂಬುದು ಬಾಂಬೆರ್ಸ್ಕಿಯವರ ಸಮರ್ಥನೆ. ಬಯಸಿದ್ದು ಪ್ರತೀಕಾರವನ್ನಲ್ಲ, ನ್ಯಾಯವನ್ನು ಎಂಬುದು ಅವರ ನಿರಂತರ ವಾದ. ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕೊಲ್ಲಿಸಲು ಶಕ್ತನಾದವನು ಕೊಲ್ಲಿಸದೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದನೆಂಬುದು ಗಣನೀಯವಾದ ಸಂಯಮ.

ಆದರೆ ಮಾಡುವುದು, ಮಾಡಿಸುವುದು, ಮಾಡುವುದಕ್ಕೆ ಸಮ್ಮತಿಸುವುದು ಎಂಬ ಮೂರರಲ್ಲಿಯೂ ಹೊಣೆಯಿದೆಯೆಂಬ ವಿಚಾರ ನಮ್ಮ ಓದುಗರಿಗೆ ಹೊಸದಲ್ಲ. ‘ಒಪ್ಪಿದೆ ಅಷ್ಟೆ’ ಎಂಬ ಮಾತಿನಲ್ಲಿ ‘ಅಷ್ಟೆ’ ಎಂಬುದು ಹೊರಲಾರದಷ್ಟು ಭಾರವನ್ನು ಹೊತ್ತಿದೆ. ಕತ್ತಲಲ್ಲಿ ಒಬ್ಬ ವೃದ್ಧನನ್ನು ಹಿಡಿದು ಕಟ್ಟುವವರು ಎಷ್ಟು ಬಲ ಪ್ರಯೋಗಿಸುವರೆಂಬುದು ಒಪ್ಪಿಗೆಯಿತ್ತವನ ಕೈಯಲ್ಲಿ ಉಳಿಯುವುದಿಲ್ಲ. ಆತ ಬದುಕಿ ಉಳಿದದ್ದು ಸಮ್ಮತಿಸಿದವರ ಸಂಯಮದಿಂದ ಮಾತ್ರವಲ್ಲ, ದೈವವಶದಿಂದಲೂ ಹೌದು.

ಈ ಗ್ರಂಥ ಬರುವಾಗ ಲೇಖಕರು ಫಿರ್ಯಾದಿಯೂ ಆಗಿದ್ದರು, ಆರೋಪಿಯೂ ಆಗಿದ್ದರು. ಆದ್ದರಿಂದ ಇದನ್ನು ಒಂದು ಪಕ್ಷದ ಹೇಳಿಕೆಯೆಂದೇ ಓದಬೇಕು. ಅದು ಕೃತಿಯ ಮಿತಿ. ಅದೇ ಅದರ ಶಕ್ತಿ ಕೂಡ. ಶೀರ್ಷಿಕೆಯು ಉತ್ತರ ಕೊಡಲಾಗದವಳನ್ನು ಉದ್ದೇಶಿಸಿದೆ. ಓದುಗನು ಮಾತ್ರ ಉತ್ತರಿಸಬಲ್ಲನು. ಉತ್ತರಿಸುವ ಮುನ್ನ ಮುಂದಿನ ತೀರ್ಪುಗಳನ್ನೂ ತಿಳಿದಿರಬೇಕು.

2011ರಲ್ಲಿ ಪ್ಯಾರಿಸ್ಸಿನಲ್ಲಿ ಕ್ರೊಂಬಾಖನ ಸಮ್ಮುಖದಲ್ಲಿ ವಿಚಾರಣೆ ನಡೆದು, ಮರಣಕ್ಕೆ ಕಾರಣವಾದ ಹಿಂಸೆಗಾಗಿ 15 ವರ್ಷಗಳ ಶಿಕ್ಷೆಯಾಯಿತು. 2012ರಲ್ಲಿ ಮೇಲ್ಮನವಿಯಲ್ಲಿಯೂ ಅದು ಉಳಿಯಿತು. ಆತನಿಂದ ನೊಂದ ಇತರ ಸ್ತ್ರೀಯರು ಅಲ್ಲಿ ಸಾಕ್ಷ್ಯ ನುಡಿದರು. ಅಪಹರಣ ನಡೆಯದಿದ್ದರೆ ಆ ದಿನ ಬರುತ್ತಿತ್ತೆ? ಬಹುಶಃ ಇಲ್ಲ. ಫಲ ಒಳ್ಳೆಯದಾದ ಮಾತ್ರಕ್ಕೆ ಸಾಧನ ಶುದ್ಧವಾಯಿತೆ? ಆಗಲೂ ಇಲ್ಲ. ಈ ಎರಡು ಉತ್ತರಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟುಬಿಡುವುದು ಅಪ್ರಾಮಾಣಿಕತೆ.

2014ರಲ್ಲಿ ಮ್ಯುಲೂಜಿನ ನ್ಯಾಯಾಲಯವು ಅಪಹರಣದ ಬಗೆಗೆ ತೀರ್ಪಿತ್ತಿತು. ತಂದೆಗೆ ಒಂದು ವರ್ಷದ ಅಮಾನತು ಶಿಕ್ಷೆ. ಕೃತ್ಯವನ್ನು ನಡೆಸಿದ ಇಬ್ಬರಿಗೆ ಒಂದು ವರ್ಷದ ಸೆರೆವಾಸ. ತಂದೆಯ ದುಃಖಕ್ಕೆ ನ್ಯಾಯಾಲಯ ಕರುಣೆ ತೋರಿದ್ದು ಮಾನವೀಯವೇ. ಆದರೂ ಮಾಡಿದವರಿಗೆ ಸೆರೆ, ಒಪ್ಪಿದವರಿಗೆ ಬಿಡುಗಡೆ ಎಂಬ ಈ ಹಂಚಿಕೆ ಮನಸ್ಸನ್ನು ಕಲಕುತ್ತದೆ. ಕಲಿಂಕಾಳೊಡನೆ ಯಾವ ಸಂಬಂಧವೂ ಇರದ ಇಬ್ಬರು ಆಕೆಯ ಹೆಸರಿನಲ್ಲಿ ಅಪರಾಧಿಗಳಾದರು. ಕ್ರೊಂಬಾಖ್ ಅನಾರೋಗ್ಯದ ಕಾರಣ 2020ರಲ್ಲಿ ಬಿಡುಗಡೆ ಹೊಂದಿ ಅದೇ ವರ್ಷ ತೀರಿಕೊಂಡ.

ತಂದೆಯ ನಿಷ್ಠೆಗೆ ತಲೆಬಾಗಿ ಈ ಗ್ರಂಥವನ್ನು ಓದೋಣ. ಆದರೆ ಮಗಳಿಗೆ ಸಲ್ಲಬೇಕಾದುದನ್ನು ಎಣಿಸಿದ ಕೈಯೇ, ಅದಕ್ಕಾಗಿ ಅನ್ಯರಿಂದ ಪಡೆದುದನ್ನೂ ಎಣಿಸಬೇಕಿತ್ತು. ಆ ಲೆಕ್ಕವನ್ನು ಬರೆಯುವ ಹೊಣೆ ಈಗ ಓದುಗನದು.