ಮರೆಯಲ್ಲಿಟ್ಟ ಉಕ್ಕು: 1931ರ ಅಥೆನ್ಸ್ ಸನ್ನದಿನ ಒಂದು ವಿಧಿಯ ವಿಮರ್ಶೆ

ಪ್ರಾಚೀನ ಸ್ಮಾರಕಗಳ ಜೀರ್ಣೋದ್ಧಾರವನ್ನು ಕುರಿತು 1931ರಲ್ಲಿ ಅಥೆನ್ಸಿನಲ್ಲಿ ನೆರೆದ ತಜ್ಞರು ಆಧುನಿಕ ಸಾಧನಗಳ, ಅದರಲ್ಲಿಯೂ ಉಕ್ಕಿನ ಸರಳುಗಳುಳ್ಳ ಕಾಂಕ್ರೀಟಿನ, ವಿವೇಕಯುತವಾದ ಬಳಕೆಗೆ ಸಮ್ಮತಿಯಿತ್ತರು. ಅಷ್ಟಕ್ಕೇ ನಿಲ್ಲದೆ, ಸ್ಮಾರಕದ ರೂಪ ಕೆಡದಂತೆ ಈ ಬಲವರ್ಧನೆಯನ್ನು ಸಾಧ್ಯವಾದೆಡೆಯೆಲ್ಲ ಮರೆಯಲ್ಲಿಡಬೇಕೆಂದೂ ವಿಧಿಸಿದರು. ಸನ್ನದಿನ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡನೆಯ ಮಾತನ್ನು ಹಾಗೆಯೇ ಒಪ್ಪಲಾರೆವು. ಕಣ್ಣಿಗೆ ಬೀಳದ ಲೋಹದ ಸ್ಥಿತಿಯನ್ನು ಪರೀಕ್ಷಿಸುವವರಾರು?

ಇದಕ್ಕೆ ಸಾಕ್ಷ್ಯವು ಸಮ್ಮೇಳನ ನೆರೆದ ಊರಿನಲ್ಲಿಯೇ ಇತ್ತು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಪಾರ್ಥೆನಾನನ್ನು ಕಟ್ಟಿದವರು ಅಮೃತಶಿಲೆಯ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಸುತ್ತಲೂ ಕರಗಿದ ಸೀಸವನ್ನು ಎರೆದಿದ್ದರು. 1898ರಿಂದ ಮೊದಲಾದ ದುರಸ್ತಿಯಲ್ಲಿ ನಿಕೊಲಾಸ್ ಬಲಾನೊಸರು ಸೀಸದ ಹೊದಿಕೆಯನ್ನು ಕೈಬಿಟ್ಟರು. ತುಕ್ಕು ಹಿಡಿದು ಉಬ್ಬಿದ ಕಬ್ಬಿಣ ಕಲ್ಲನ್ನೇ ಸೀಳಿತು. 1975ರಲ್ಲಿ ಸಮಿತಿಯೊಂದು ನೇಮಕವಾದ ಮೇಲೆ ಆ ಕಬ್ಬಿಣವನ್ನು ಕಿತ್ತು ಟೈಟೇನಿಯಂ ಅಳವಡಿಸುವ ಕಾರ್ಯ ನಡೆಯಿತು. ಹಳೆಯ ಕಮ್ಮಾರನಿಗೆ ತಿಳಿದಿದ್ದುದು ಇಂಜಿನಿಯರಿಗೆ ತಿಳಿಯದೆ ಹೋದುದು ವಿಷಾದಕರ.

ಕಾಂಕ್ರೀಟಿನೊಳಗಿನ ಉಕ್ಕಿಗೆ ಸಿಮೆಂಟಿನ ಕ್ಷಾರಗುಣವೇ ಕಾವಲು. ಅದರಿಂದ ಸರಳಿನ ಮೇಲೆ ತೆಳುವಾದ ರಕ್ಷಾಪದರ ಉಂಟಾಗುತ್ತದೆ. ಗಾಳಿಯ ಇಂಗಾಲಾಮ್ಲ ವಾಯು ಕ್ಷಾರವನ್ನು ಕುಂದಿಸಿದರೆ, ಅಥವಾ ಉಪ್ಪಿನ ಕ್ಲೋರೈಡು ಒಳಹೊಕ್ಕರೆ, ಆ ಪದರ ಅಳಿಯುತ್ತದೆ. ಇದಕ್ಕೆ ಮದ್ದಾಗಿ ಈಗ ತುಕ್ಕುನಿರೋಧಕ ರಾಸಾಯನಿಕಗಳನ್ನು ಸೂಚಿಸುವುದುಂಟು. 1970ರ ದಶಕದಿಂದ ಬಳಕೆಯಲ್ಲಿರುವ ಕ್ಯಾಲ್ಸಿಯಂ ನೈಟ್ರೈಟು, ಕಾಂಕ್ರೀಟನ್ನು ಕಲಸುವಾಗಲೇ ಬೆರೆತರೆ, ಗುಣಕಾರಿಯೆಂಬುದು ನಿಜ. ಆದರೂ ಕ್ಲೋರೈಡಿಗೆ ತಕ್ಕ ಪ್ರಮಾಣದಲ್ಲಿರಬೇಕು. ಕಡಮೆಯಾದರೆ ತುಕ್ಕು ಅಲ್ಲಲ್ಲಿ ಗುಳಿಗಳಾಗಿ ಆಳಕ್ಕಿಳಿಯುವ ಭಯವಿದೆ.

ಎಂದೋ ಗಟ್ಟಿಯಾದ ಕಾಂಕ್ರೀಟಿಗೆ ಇದನ್ನು ಬೆರೆಸುವುದೆಂತು? ಹಳೆಯ ಕಟ್ಟಡಕ್ಕೆ ಉಳಿದಿರುವುದು ಮೇಲ್ಮೈಗೆ ಹಚ್ಚುವ ಅಮೈನೊ ಆಲ್ಕೊಹಾಲು ಮೊದಲಾದ ದ್ರವ್ಯಗಳು. ಅವು ಕಾಂಕ್ರೀಟಿನಲ್ಲಿ ಇಂಗಿ ಸರಳನ್ನು ಮುಟ್ಟಬೇಕು. ದಟ್ಟವಾದ ಕಾಂಕ್ರೀಟಿನಲ್ಲಿ ಅವು ಸಾಕಷ್ಟು ಇಳಿಯಲಾರವು. ಕ್ಲೋರೈಡು ಆಗಲೇ ಹೆಚ್ಚಾಗಿ ಸೇರಿರುವೆಡೆ ಇಳಿದರೂ ಫಲ ಸಂದೇಹಾಸ್ಪದ. ಕಾಣದ ಉಕ್ಕಿಗೆ ಕಾಣದ ಮದ್ದು! 1931ರ ತಪ್ಪೇ ಹೊಸ ವೇಷದಲ್ಲಿ ಮರಳಿದೆಯೆಂದು ನಮ್ಮ ಭಾವನೆ.

ಆಧುನಿಕ ವಿಧಾನದ ಸಾಮರ್ಥ್ಯವು ವಿಜ್ಞಾನದಿಂದಲೂ ಅನುಭವದಿಂದಲೂ ಸಿದ್ಧವಾಗಿರಬೇಕೆಂದು 1964ರ ವೆನಿಸ್ ಸನ್ನದು ಹೇಳುತ್ತದೆ. ಈ ನಿಯಮವನ್ನು ಮದ್ದಿಗೂ ಅನ್ವಯಿಸಬೇಕು. ಹಚ್ಚುವ ಮುನ್ನ ಕ್ಲೋರೈಡು ಎಷ್ಟು ಆಳ ಇಳಿದಿದೆಯೆಂದು ಅಳೆಯಬೇಕು; ಹಚ್ಚಿದ ಬಳಿಕ ಮದ್ದು ಸರಳನ್ನು ಮುಟ್ಟಿತೇ ಎಂದು ಕಾಂಕ್ರೀಟಿನ ತುಣುಕು ತೆಗೆದು ನೋಡಬೇಕು. ಎರಡನ್ನೂ ಸ್ಮಾರಕದ ದಾಖಲೆಯಲ್ಲಿ ತಾರೀಖಿನೊಡನೆ ಬರೆದಿಡಬೇಕು.