ತೇಜಸ್ಸು ಉಳ್ಳವರ ದೂರು

ಪತ್ರಿಕಾ ಹೇಳಿಕೆಗಳ ದಯೆಯಿಂದ ಬದುಕಿಕೊಂಡಿರುವ ಪದಗಳಲ್ಲಿ ನನಗೆ ಬಲು ಇಷ್ಟವಾದದ್ದು ‘ತೇಜೋವಧೆ’. ಮನೆಮಾತಿನಲ್ಲಿ ಇದು ಕಿವಿಗೆ ಬೀಳುವುದೇ ಅಪರೂಪ. ನೆರೆಯವರು ಗುಲ್ಲೆಬ್ಬಿಸಿದರೆ ‘ಮಾನ ಕಳೆದರು’ ಎಂದು ಗೋಳಾಡುತ್ತೇವೆ, ಅಷ್ಟೇ. ಅದೇ ಮನುಷ್ಯ ತಾಲ್ಲೂಕು ಘಟಕದ ಪದಾಧಿಕಾರಿಯಾಗಿ ಲೆಟರ್‌ಹೆಡ್ ಮಾಡಿಸಿಕೊಳ್ಳಲಿ, ‘ನನ್ನ ಏಳಿಗೆ ಸಹಿಸದ ಕೆಲವರು ತೇಜೋವಧೆಗೆ ಯತ್ನಿಸುತ್ತಿದ್ದಾರೆ’ ಎಂಬ ಸಾಲು ತಾನಾಗಿ ಬಂದುಬಿಡುತ್ತದೆ.

ಪದದ ಬೇರು ಮಹಾಭಾರತದಲ್ಲಿದೆ. ನಕುಲ ಸಹದೇವರ ಸೋದರಮಾವ ಶಲ್ಯ ಪಾಂಡವರ ಕಡೆಗೆ ಹೊರಟವನು. ದಾರಿಯುದ್ದಕ್ಕೂ ದುರ್ಯೋಧನ ಮಾಡಿಸಿದ್ದ ಉಪಚಾರಕ್ಕೆ ಮನಸೋತು ಅವನಿಗೇ ಮಾತು ಕೊಟ್ಟ. ಆಮೇಲೆ ಧರ್ಮರಾಯ ಕೇಳಿದ್ದು ಒಂದೇ: ಕರ್ಣನಿಗೆ ಸಾರಥಿಯಾದಾಗ ಅವನ ತೇಜೋವಧೆ ಮಾಡು. ಧರ್ಮರಾಯನ ಬಾಯಲ್ಲಿ ಈ ಬೇಡಿಕೆ! ಶಲ್ಯ ರಥದ ಮೇಲೆ ಕೂತೇ ಕರ್ಣನಿಗೆ ಒಂದು ಕಾಗೆಯ ಕಥೆ ಹೇಳುತ್ತಾನೆ. ಅದು ಕಡಲ ತೀರದ ವೈಶ್ಯನ ಮಕ್ಕಳ ಎಂಜಲು ತಿಂದು ಕೊಬ್ಬಿದ ಕಾಗೆ. ನೂರೊಂದು ಬಗೆಯ ಹಾರಾಟ ಬಲ್ಲೆನೆಂದು ಹಂಸದ ಜೊತೆ ಪಂತ ಕಟ್ಟುತ್ತದೆ, ನಡುಗಡಲಲ್ಲಿ ರೆಕ್ಕೆ ಸೋತು ನೀರಿಗೆ ಬೀಳುತ್ತದೆ. ಕೊನೆಗೆ ಹಂಸವೇ ಅದನ್ನು ಹೊತ್ತು ತರಬೇಕಾಯಿತು. ನೀನೂ ಕೌರವರ ಎಂಜಲುಂಡವನು ಎಂಬುದು ಕುಟುಕು. ಕರ್ಣ ಸುಮ್ಮನಿದ್ದನೇ? ಮದ್ರದೇಶದವರನ್ನೆಲ್ಲ ಹಿಡಿದು ಜಾಲಾಡಿಸಿದ. ಕಡೆಗೆ ದುರ್ಯೋಧನನೇ ಬಂದು ಇಬ್ಬರನ್ನೂ ಸಮಾಧಾನ ಮಾಡಬೇಕಾಯಿತು.

ಅಲ್ಲಿ ತೇಜೋವಧೆಯೆಂದರೆ ಪಕ್ಕದಲ್ಲೇ ಕೂತವನು ಎದುರಿಗೇ ಆಡಿ ಒಳಗಿನ ಕೆಚ್ಚು ಉಡುಗಿಸುವುದು. ಪತ್ರಿಕೆಗೆ ಬಂದಮೇಲೆ ಅದು ಬೆನ್ನ ಹಿಂದೆ ಹೆಸರು ಕೆಡಿಸುವ ಕೆಲಸವಾಯಿತು. ಇನ್ನೊಂದು ಸ್ವಾರಸ್ಯ: ಅಚ್ಚಿನಲ್ಲಿ ಈ ಮಾತು ಹೆಚ್ಚಾಗಿ ಪೆಟ್ಟು ತಿಂದವರ ಬಾಯಲ್ಲೇ ಇರುತ್ತದೆ. ‘ಅವರ ತೇಜೋವಧೆ ಮಾಡಿದೆ’ ಎಂದು ಹೇಳಿಕೆ ಕೊಟ್ಟವರನ್ನು ನಾನಂತೂ ಓದಿಲ್ಲ. ವರದಿಗಾರನೂ ‘ಎಂದು ಆರೋಪಿಸಿದರು’ ಸೇರಿಸಿ ಕೈತೊಳೆದುಕೊಳ್ಳುತ್ತಾನೆ. ಮಾನಹಾನಿ ಎಂದರೆ ಇದ್ದ ಮಾನ ಹೋಯಿತೆಂದು ಒಪ್ಪಿಕೊಂಡಂತೆ. ತೇಜೋವಧೆ ಎಂದರೆ ತನಗೆ ತೇಜಸ್ಸಿತ್ತೆಂದು ದೂರಿನಲ್ಲೇ ಸಾರಿಕೊಂಡಂತೆ. ಹೊಗಳಿಕೆಗೆ ಇದಕ್ಕಿಂತ ಅಗ್ಗದ ದಾರಿ ಉಂಟೇ?

ಕೋರ್ಟಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. 1860ರ ದಂಡಸಂಹಿತೆಯ 499ನೇ ಕಲಮು ಮಾನಹಾನಿಯದು; 2024ರ ಜುಲೈನಿಂದ ಆ ಜಾಗಕ್ಕೆ ನ್ಯಾಯಸಂಹಿತೆಯ 356 ಬಂದಿದೆ. ಹಾಗಾಗಿ ಹೇಳಿಕೆಯ ಮೊದಲ ಪ್ಯಾರಾದಲ್ಲಿ ತೇಜೋವಧೆ, ಕೊನೆಯದರಲ್ಲಿ ‘ಮಾನನಷ್ಟ ಮೊಕದ್ದಮೆ’.

‘ಚಾರಿತ್ರ್ಯವಧೆ’ ಎಂಬ ಹೊಸ ಪದವೂ ಓಡಾಡುತ್ತಿದೆ. ನನಗೆ ರುಚಿಸದು. ತಕಾರದ ಕೆಳಗೆ ಎರಡು ಒತ್ತು, ನಾಲಗೆಗೂ ಭಾರ, ತಲೆಬರಹಕ್ಕೂ ಭಾರ. ತೇಜೋವಧೆಗೆ ಒಂದೂ ಒತ್ತಿಲ್ಲ, ನಾಲ್ಕೇ ಅಕ್ಷರ. ಆದರೂ ಲೆಟರ್‌ಹೆಡ್ಡಿನಲ್ಲಿ ಬರುವುದು ಬಹುಪಾಲು ‘ತೇಜವಧೆ’ ಎಂದೇ. ಉಪಸಂಪಾದಕರು ಜಕಾರಕ್ಕೊಂದು ಓತ್ವ ಏರಿಸಿ, ಮುಂದಿನ ಹೇಳಿಕೆ ಎತ್ತಿಕೊಳ್ಳುತ್ತಾರೆ.