ಆಟದ ಮೇಜಿನ ಮರ್ಯಾದೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಒಬ್ಬ ಕಥೆ ನಡೆಸುತ್ತಾ, ಉಳಿದವರು ಒಂದೊಂದು ಪಾತ್ರದ ಬಾಯಲ್ಲಿ ಮಾತನಾಡುತ್ತಾ ಆಡುವ ಆಟವೊಂದಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆಲ್ಲ ಹಿರಿಯಣ್ಣ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಒಂದಿಷ್ಟು ದಾಳಗಳು, ಉಳಿದದ್ದೆಲ್ಲ ಮಾತು. ತಾಳಮದ್ದಳೆ ಕೇಳಿ ಬಲ್ಲವರಿಗೆ ಇದರ ರುಚಿ ಬೇಗ ಹತ್ತೀತು. ಆದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಮಾತೇ ಎಲ್ಲವೂ ಆದಲ್ಲಿ ಗಾಯವೂ ಮಾತಿನಿಂದಲೇ ಆಗುತ್ತದೆ. ಕಥೆಯೆಂದ ಮೇಲೆ ಅದರಲ್ಲಿ ದುಷ್ಟರೂ ಬೇಕು, ನಿಜ. ಆದರೆ ದುಷ್ಟ ಪಾತ್ರದ ಮರೆಯಲ್ಲಿ ನಿಂತು ಎದುರಿಗೆ ಕೂತವರನ್ನೇ ಚುಚ್ಚುವವರಿರುತ್ತಾರೆ. ಮೇಜಿನಲ್ಲಿರುವ ಒಬ್ಬಳೇ ಹೆಣ್ಣುಮಗಳ ಪಾತ್ರದ ಮೇಲೆ ಅತ್ಯಾಚಾರದ ಸನ್ನಿವೇಶ ಹೆಣೆದು, ‘ಹೇಳಿದ್ದು ನಾನಲ್ಲ, ನನ್ನ ಪಾತ್ರ’ ಎಂದು ಕೈತೊಳೆದುಕೊಳ್ಳುವುದು ಈ ಆಟಗಾರರ ನಡುವಿನ ಹಳೆಯ ದೂರು. ಇಂದು ಈ ಆಟ ಇಂಟರ್ನೆಟ್ ಮೂಲಕ ಮುಖ ಕಾಣದ ಅಪರಿಚಿತರ ನಡುವೆಯೂ ನಡೆಯುತ್ತದೆ. ಅಲ್ಲಿ ಸ್ನೇಹದ ದಾಕ್ಷಿಣ್ಯವೂ ಇರುವುದಿಲ್ಲ.

2003ರಲ್ಲಿ ಆಟಗಳ ವಿನ್ಯಾಸಕ ರಾನ್ ಎಡ್ವರ್ಡ್ಸ್ ಇದಕ್ಕೊಂದು ದಾರಿ ತೋರಿಸಿದರು. ‘ಲೈನ್ಸ್ ಅಂಡ್ ವೇಲ್ಸ್’ ಎಂಬ ಅವರ ಮಾತನ್ನು ನಾವು ‘ಗೆರೆ ಮತ್ತು ತೆರೆ’ ಎನ್ನೋಣ. ಗೆರೆಯಾಚೆಗಿನದು ಕಥೆಯಲ್ಲಿ ಬರಲೇಕೂಡದು. ತೆರೆಯ ಹಿಂದಿನದು ನಡೆದೀತು, ಅದರ ವರ್ಣನೆ ಬೇಡ. ಸುಮಾರು ಹತ್ತು ವರ್ಷಗಳ ಬಳಿಕ ಜಾನ್ ಸ್ಟಾವ್ರೊಪೌಲೋಸ್ ಎಂಬವರು ಇನ್ನೂ ಸರಳವಾದ ‘ಎಕ್ಸ್-ಕಾರ್ಡ್’ ರೂಪಿಸಿದರು. ಗುಣಿಸು ಚಿಹ್ನೆ ಬರೆದ ಒಂದು ಕಾರ್ಡು ಮೇಜಿನ ನಡುವೆ ಇರುತ್ತದೆ. ಯಾರೇ ಅದನ್ನು ಮುಟ್ಟಿದರೆ ಆಗ ನಡೆಯುತ್ತಿರುವುದನ್ನು ಕಥೆಯಿಂದ ಕೈಬಿಡಬೇಕು. ಯಾಕೆಂದು ಮುಟ್ಟಿದವರು ಹೇಳಬೇಕಾಗಿಲ್ಲ.

ಈ ಕೊನೆಯ ಮಾತೇ ನಮಗೆ ಮುಖ್ಯವೆನಿಸುತ್ತದೆ. ನೊಂದವರೇ ತಮ್ಮ ನೋವಿಗೆ ಸಾಕ್ಷಿ ತರಬೇಕೆಂಬುದು ಲೋಕದ ರೂಢಿ. ಅದನ್ನು ಒಂದು ಕಾಗದದ ತುಂಡು ತಲೆಕೆಳಗು ಮಾಡಿದೆ! ಇದರಿಂದ ಕಥೆ ಸಪ್ಪೆಯಾಗುತ್ತದೆ, ಇದೂ ಒಂದು ಬಗೆಯ ಸೆನ್ಸಾರ್ ಎಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಕಾರ್ಡು ಯಾರ ಪುಸ್ತಕವನ್ನೂ ನಿಷೇಧಿಸುವುದಿಲ್ಲ. ಆ ದಿನ, ಆ ನಾಲ್ವರ ನಡುವೆ ಒಂದು ದೃಶ್ಯ ಬೇಡವೆನ್ನುತ್ತದೆ, ಅಷ್ಟೆ. ನಮ್ಮ ತಕರಾರು ಬೇರೆಯೇ ಇದೆ. ಹಳೆಯ ಗೆಳೆಯರ ಗುಂಪಿಗೆ ಮೊದಲ ಬಾರಿ ಬಂದವರು ಆ ಕಾರ್ಡು ಮುಟ್ಟುವ ಧೈರ್ಯ ಮಾಡುವರೇ? ಕಾರ್ಡು ಇಟ್ಟಾಯಿತಲ್ಲ, ನನ್ನ ಕರ್ತವ್ಯ ಮುಗಿಯಿತು ಎಂದು ಕಥೆ ನಡೆಸುವವನು ನಿಶ್ಚಿಂತನಾಗುವ ಅಪಾಯವೂ ಸಣ್ಣದಲ್ಲ.

ಆಟಗಾರರು ಆಟ ಬಿಟ್ಟು ಹರಟೆಗೆ ಸೇರುವ ಜಾಗಗಳ ಸಮಸ್ಯೆ ಇನ್ನೂ ಕಠಿಣವಾದದ್ದು. ‘ವಾದವನ್ನು ಟೀಕಿಸಿ, ವ್ಯಕ್ತಿಯನ್ನಲ್ಲ’ ಎಂಬ ನಿಯಮ ಕೇಳಲು ಚೆಂದ. ಆದರೆ ಅದು ನೋಡುವುದು ದನಿಯನ್ನು ಮಾತ್ರ. 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಜನರ ಪ್ರವೇಶಕ್ಕೆ ತಡೆ ಹಾಕಿದರು. ಆ ಪಟ್ಟಿಯಲ್ಲಿದ್ದ ಇರಾನಿನ ಆಟಗಾರನೊಬ್ಬನ ಮುಂದೆ ಆ ಆಜ್ಞೆಯನ್ನು ಬಲು ಸೌಜನ್ಯದಿಂದ ಯಾರಾದರೂ ಸಮರ್ಥಿಸಿದರೆನ್ನಿ. ಅವನು ಸಿಟ್ಟಾಗಿ ಎರಡು ಮಾತು ಬೈದರೆ ನಿಯಮ ಮುರಿದವನು ಅವನೇ ಆಗುತ್ತಾನಲ್ಲವೇ?

1996ರಿಂದ ನಡೆದುಬಂದ ‘ಆರ್‌ಪಿಜಿನೆಟ್’ ಎಂಬ ಆಟಗಾರರ ಕೂಟ 2018ರ ಅಕ್ಟೋಬರಿನಲ್ಲಿ ಟ್ರಂಪ್ ಮತ್ತು ಅವರ ಆಡಳಿತದ ಸಮರ್ಥನೆಯನ್ನೇ ತನ್ನಲ್ಲಿ ನಿಷೇಧಿಸಿತು. ತಟಸ್ಥವಾಗಿರುವುದು ಇನ್ನು ಸಾಧ್ಯವಿಲ್ಲವೆಂಬುದು ಅದರ ವಾದ. ಬೆಂಬಲಿಗರು ಇರಬಹುದು, ಆದರೆ ಅಲ್ಲಿ ಆ ಬೆಂಬಲದ ಮಾತಾಡುವಂತಿಲ್ಲ. ನಯವಾದ ಮಾತೂ ಜನರನ್ನು ಹೊರದಬ್ಬಬಲ್ಲದೆಂದು ಒಪ್ಪಿಕೊಂಡದ್ದು ದಿಟ್ಟತನವೇ ಸರಿ. ಆದರೂ ನಮಗೆ ಅರೆಮನಸ್ಸು. ಕೃತ್ಯದ ಬದಲು ಒಂದು ಹೆಸರನ್ನು ಗೆರೆಯಾಗಿ ಎಳೆದರೆ, ಅದೇ ಮಾತು ಇನ್ನೊಂದು ಹೆಸರಿನಲ್ಲಿ ಒಳಬರಲು ಎಷ್ಟು ಹೊತ್ತು? ಅಲ್ಲದೆ ಈ ಗೆರೆ ಎಳೆದವರು ಮೇಲ್ವಿಚಾರಕರು. ಎಕ್ಸ್-ಕಾರ್ಡಿನ ಹಾಗೆ ಅದು ಎಲ್ಲರ ಕೈಗೆಟಕುವಂಥದ್ದಲ್ಲ.

ಇನ್ನು ಆಡುವವರೆಲ್ಲ ಸಭ್ಯರಿದ್ದು ಪುಸ್ತಕವೇ ಅಸಭ್ಯವಾದರೆ? 2022ರಲ್ಲಿ ಬಂದ ‘ಸ್ಪೆಲ್‌ಜಾಮರ್’ ಪುಸ್ತಕದಲ್ಲಿ ಹ್ಯಾಡೋಝಿ ಎಂಬ ಮಂಗರೂಪದ ಜನಾಂಗವೊಂದಿತ್ತು. ಮಾಂತ್ರಿಕನೊಬ್ಬ ಅವರನ್ನು ಹಿಡಿದು, ಬುದ್ಧಿ ಕೊಟ್ಟು, ಗುಲಾಮರಾಗಿ ಮಾರಲು ಹೊರಟಿದ್ದನೆಂದು ಅವರ ಪೂರ್ವಕಥೆ. ಕಪ್ಪುಜನರನ್ನು ಹೀಗಳೆಯಲು ಬಳಸಿದ ಹಳೆಯ ಚಿತ್ರಗಳನ್ನೇ ಇದರಲ್ಲಿ ಕಂಡು ಓದುಗರು ಕೆರಳಿದರು. ಪ್ರಕಾಶಕರಾದ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿ ಡಿಜಿಟಲ್ ಆವೃತ್ತಿಯಿಂದ ಆ ಭಾಗವನ್ನು ಕಿತ್ತುಹಾಕಿದರು. ಅಷ್ಟರಲ್ಲಿ ಅಚ್ಚಾಗಿ ಮಾರಾಟವಾಗಿದ್ದ ಪ್ರತಿಗಳಲ್ಲಿ ಅದು ಹಾಗೆಯೇ ಉಳಿದಿದೆ. ಆ ಪುಟ ತೆರೆದ ಹೊತ್ತಿಗೆ ಏನು ಮಾಡಬೇಕೆಂಬುದನ್ನು ಕಥೆ ನಡೆಸುವವನೇ ತೀರ್ಮಾನಿಸಬೇಕು.